ಗೇಮ್ ಕನ್ಸೋಲಿನ ಪರದೆಯೂ ಮಗುವಿನ ಕಣ್ಣೂ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಮಕ್ಕಳ ಆಟದ ಯಂತ್ರದ ವಿಚಾರವನ್ನು ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಶಾಸನ, ನಾಣ್ಯ, ಕಡತಗಳ ನಡುವೆ ಇದಕ್ಕೇನು ಸ್ಥಾನವೆಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ಕಾಲದ ಜನಜೀವನವನ್ನು ಅರಿಯಬೇಕಾದರೆ ಆ ಕಾಲದವರು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ವಸ್ತುಗಳನ್ನು ಅರಿಯಬೇಕೆಂಬುದು ಇತಿಹಾಸದ ಅಭ್ಯಾಸದಲ್ಲಿ ಈಗ ಒಪ್ಪಿತವಾದ ಮಾತು. ಮಡಕೆಯ ಚೂರಿಗೆ ಸಲ್ಲುವ ಗೌರವ ಆಟಿಕೆಗೂ ಸಲ್ಲಬೇಕು. ಅಲ್ಲದೆ ಈ ವಿಷಯವನ್ನು ನಾವು ಕುತೂಹಲಕ್ಕಾಗಿ ಹುಡುಕಿಕೊಂಡು ಹೋದುದಲ್ಲ; ಅದು ತಾನಾಗಿ ನಮ್ಮ ಮನೆಬಾಗಿಲಿಗೆ ಬಂದಿತು.

ನಮ್ಮ ಬಂಧುವರ್ಗದ ಎಂಟು ವರ್ಷದ ಬಾಲಕನೊಬ್ಬನಿಗೆ ಹಿರಿಯರು ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲೊಂದನ್ನು ಕೊಡಿಸಿದ್ದರು. ಆ ಆಟದಲ್ಲಿ ಪಾತ್ರಗಳು ಮಾತನಾಡುತ್ತವೆ. ಮಾತುಗಳು ಪರದೆಯ ಕೆಳಭಾಗದಲ್ಲಿ ಅಕ್ಷರರೂಪವಾಗಿ ಮೂಡುತ್ತವೆ. ಹುಡುಗನು ಅವುಗಳಲ್ಲಿ ಒಂದನ್ನೂ ಓದದೆ ಗುಂಡಿಯನ್ನು ಒತ್ತಿ ದಾಟಿಬಿಡುತ್ತಿದ್ದನು. ಮುಂದೆ ಎಲ್ಲಿಗೆ ಹೋಗಬೇಕೆಂಬುದು ತಿಳಿಯದೆ ಆಟವನ್ನು ಅರ್ಧಕ್ಕೆ ಬಿಡುತ್ತಿದ್ದನು. 'ಇವನಿಗೆ ಓದುವುದೆಂದರೆ ಬೇಸರ' ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಆ ತೀರ್ಮಾನಕ್ಕೆ ನಾವೂ ತಲೆದೂಗಿದೆವೆಂದು ಒಪ್ಪಿಕೊಳ್ಳಬೇಕು. ಕೆಲವು ತಿಂಗಳ ಮೇಲೆ ಅದೇ ಆಟವನ್ನು ದೊಡ್ಡ ಪರದೆಯ ಬೇರೊಂದು ಕನ್ಸೋಲಿನಲ್ಲಿ ಆಡುವ ಸಂದರ್ಭ ಅವನಿಗೆ ಒದಗಿತು. ಆಗ ಅವನು ಪ್ರತಿಯೊಂದು ಮಾತನ್ನೂ ಗಟ್ಟಿಯಾಗಿ ಓದುತ್ತ, ನಗುತ್ತ ಮುಂದುವರಿದುದನ್ನು ಕಂಡು ನಾವು ನಾಚಿದೆವು. ಪರದೆಯ ದೋಷವನ್ನು ನಾವೆಲ್ಲರೂ ಸೇರಿ ಮಗುವಿನ ಲೆಕ್ಕಕ್ಕೆ ಬರೆದಿದ್ದೆವು.

ದೊಡ್ಡವರಿಗೆ ಅಕ್ಷರ ಕಾಣದಿದ್ದರೆ ಕಾಣುವುದಿಲ್ಲವೆಂದು ಹೇಳುತ್ತಾರೆ. ಮಗು ಹಾಗೆ ಹೇಳುವುದಿಲ್ಲ. ಅದಕ್ಕೆ ಹೋಲಿಸಿ ನೋಡಲು ಬೇರೊಂದು ಪರದೆಯ ಅನುಭವವಿರುವುದಿಲ್ಲ. ಇಂಥ ಯಂತ್ರಗಳ ಪರದೆಗಳು ಯಾವ ಕಾಲದಲ್ಲಿ ಎಷ್ಟರಮಟ್ಟಿಗೆ ಓದುವುದಕ್ಕೆ ಅನುಕೂಲವಾಗಿದ್ದುವು, ಏತಕ್ಕಾಗಿ ಕೆಲವು ಸಲ ಅನನುಕೂಲವಾದುವು, ಈ ಇತಿಹಾಸದಿಂದ ಇಂದು ಮಗುವಿಗೆ ಕನ್ಸೋಲನ್ನು ಆರಿಸುವವರು ಏನನ್ನು ಕಲಿಯಬಹುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

1. ಮೂರು ಅಳತೆಗಳು

ಅಂಗಡಿಯವರು ಪರದೆಯನ್ನು ಹೊಗಳುವಾಗ ಸಾಮಾನ್ಯವಾಗಿ ಪಿಕ್ಸೆಲ್‌ಗಳ ಸಂಖ್ಯೆಯನ್ನು ಹೇಳುತ್ತಾರೆ. ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿದುದು. ಆ ಚುಕ್ಕೆಗಳೇ ಪಿಕ್ಸೆಲ್‌ಗಳು. ಅವು ಹೆಚ್ಚಿದಷ್ಟೂ ಅಕ್ಷರದ ಅಂಚು ನಯವಾಗುತ್ತದೆಯೆಂಬುದು ನಿಜ. ಆದರೆ ಅಂಚು ನಯವಾದ ಮಾತ್ರಕ್ಕೆ ಅಕ್ಷರ ದೊಡ್ಡದಾಗುವುದಿಲ್ಲ. ಪರದೆ ಓದಲು ಯೋಗ್ಯವೇ ಅಲ್ಲವೇ ಎಂಬುದನ್ನು ಮುಖ್ಯವಾಗಿ ಮೂರು ಅಂಶಗಳು ನಿರ್ಧರಿಸುತ್ತವೆ: ಅಕ್ಷರದ ನಿಜವಾದ ಎತ್ತರ, ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಪರದೆಯನ್ನು ಓರೆಯಾಗಿ ಹಿಡಿದಾಗಲೂ ಆ ಅಂತರ ಉಳಿಯುವುದೇ ಎಂಬುದು.

ಮೊದಲನೆಯದಕ್ಕೆ ಒಂದು ಹಳೆಯ ಮಾನದಂಡವುಂಟು. ನೆದರ್ಲೆಂಡ್ಸಿನ ನೇತ್ರವೈದ್ಯ ಹೆರ್ಮಾನ್ ಸ್ನೆಲೆನ್ 1862ರಲ್ಲಿ ರಚಿಸಿದ ಅಕ್ಷರಫಲಕವನ್ನು ನಾವೆಲ್ಲರೂ ಕಣ್ಣಿನ ಆಸ್ಪತ್ರೆಗಳಲ್ಲಿ ಕಂಡಿದ್ದೇವೆ. ಆ ಲೆಕ್ಕದಲ್ಲಿ, ಕಣ್ಣಿನಲ್ಲಿ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಭಾಗದಷ್ಟು ಕೋನವನ್ನು ಮಾಡುವ ಅಕ್ಷರವನ್ನು ಗುರುತಿಸಬಲ್ಲವನ ದೃಷ್ಟಿ ಸರಿಯಾದುದು. 30 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪರದೆಗೆ ಇದನ್ನು ಅನ್ವಯಿಸಿದರೆ ಆ ಅಕ್ಷರದ ಎತ್ತರ ಸುಮಾರು 0.44 ಮಿಲಿಮೀಟರ್ ಆಗುತ್ತದೆ. ಆದರೆ ಇದು ಕಷ್ಟಪಟ್ಟು ಗುರುತಿಸಬಹುದಾದ ಎಲ್ಲೆ. ಸರಾಗವಾಗಿ ಓದಬಹುದಾದ ಗಾತ್ರವಲ್ಲ. ಸರಾಗವಾದ ಓದಿಗೆ ಎಲ್ಲೆಯ ಎರಡು ಮೂರು ಪಟ್ಟಾದರೂ ಬೇಕು. ಅಕ್ಷರಗಳನ್ನು ಈಗತಾನೆ ಕೂಡಿಸಿಕೊಂಡು ಓದುತ್ತಿರುವ ಮಗುವಿಗೆ ಅದಕ್ಕಿಂತಲೂ ಹೆಚ್ಚು ಬೇಕು. ಒಂದನೆಯ ತರಗತಿಯ ಪುಸ್ತಕದ ಅಕ್ಷರಗಳು ಹತ್ತನೆಯ ತರಗತಿಯ ಪುಸ್ತಕದ ಅಕ್ಷರಗಳಿಗಿಂತ ದೊಡ್ಡದಾಗಿರುವುದು ಅಲಂಕಾರಕ್ಕಾಗಿಯಲ್ಲ. ಈ ಕಾರಣದಿಂದ 30 ಸೆಂಟಿಮೀಟರ್ ದೂರದಲ್ಲಿ 2 ಮಿಲಿಮೀಟರ್ ಎತ್ತರದ ಅಕ್ಷರವನ್ನು ಮಕ್ಕಳಿಗೆ ತಕ್ಕ ಗಾತ್ರವೆಂದು ಈ ಲೇಖನದಲ್ಲಿ ನಾವು ಇಟ್ಟುಕೊಂಡಿದ್ದೇವೆ. ಇದು ನಮ್ಮ ಅನುಕೂಲಕ್ಕಾಗಿ ಹಾಕಿಕೊಂಡ ಗೆರೆ, ವೈದ್ಯರ ಆಜ್ಞೆಯಲ್ಲ.

2. ಬೆಳಕಿಲ್ಲದ ಪರದೆಯ ಗೆಲುವು

ಕೈಯಲ್ಲಿ ಹಿಡಿದು ಆಡುವ, ಆಟವನ್ನು ಬದಲಾಯಿಸಬಹುದಾದ ಯಂತ್ರಗಳಲ್ಲಿ ಮೊದಲನೆಯದೆಂದು ಹೆಸರಾದುದು ಅಮೆರಿಕದ ಮಿಲ್ಟನ್ ಬ್ರಾಡ್ಲಿ ಸಂಸ್ಥೆಯು 1979ರಲ್ಲಿ ಹೊರತಂದ ಮೈಕ್ರೋವಿಷನ್. ಅದರ ಪರದೆಯಲ್ಲಿ ಅಡ್ಡಕ್ಕೆ 16, ಉದ್ದಕ್ಕೆ 16 ಚುಕ್ಕೆಗಳು ಮಾತ್ರ. ಅದರ ಮೇಲೆ ವಾಕ್ಯವನ್ನು ಬರೆಯುವ ಪ್ರಶ್ನೆಯೇ ಇರಲಿಲ್ಲ. ಮರುವರ್ಷ, 1980ರಲ್ಲಿ, ಜಪಾನಿನ ನಿಂಟೆಂಡೊ ಸಂಸ್ಥೆಯ ಗೇಮ್ ಅಂಡ್ ವಾಚ್ ಬಂದಿತು. ಈ ಸಂಸ್ಥೆ 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹನಾಫುದ ಎಲೆಗಳನ್ನು ಮಾಡುವ ಕಸುಬಿನಿಂದ ಆರಂಭವಾದುದು. ಗೇಮ್ ಅಂಡ್ ವಾಚನ್ನು ರೂಪಿಸಿದ ಗುನ್ಪೆಯ್ ಯೊಕೊಯ್ ಅವರದು ಒಂದು ವಿಶಿಷ್ಟ ಧೋರಣೆ: ಹೊಚ್ಚಹೊಸದಾದ ದುಬಾರಿ ತಂತ್ರದ ಬೆನ್ನುಹತ್ತದೆ, ಬಳಸಿ ಬಳಸಿ ಪಕ್ವವಾಗಿ ಅಗ್ಗವಾದ ತಂತ್ರವನ್ನು ತೆಗೆದುಕೊಂಡು ಅದಕ್ಕೆ ಹೊಸ ಉಪಯೋಗವನ್ನು ಹುಡುಕುವುದು. ಕ್ಯಾಲ್ಕುಲೇಟರಿನಲ್ಲಿ ಅಂಕೆಗಳನ್ನು ತೋರಿಸುತ್ತಿದ್ದ ದ್ರವಸ್ಫಟಿಕದ ಪರದೆ, ಅಂದರೆ ಎಲ್‌ಸಿಡಿ, ಹೀಗೆ ಆಟಕ್ಕೆ ಬಂದಿತು.

ಈ ಧೋರಣೆಯ ಪೂರ್ಣಫಲ 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಗೇಮ್ ಬಾಯ್. ಅದರ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಪಿಕ್ಸೆಲ್‌ಗಳು. ಬಣ್ಣವಿಲ್ಲ, ಹಸುರು ಛಾಯೆಯ ಹಿನ್ನೆಲೆಯ ಮೇಲೆ ನಾಲ್ಕು ಹಂತದ ನಸುಕು ಮಾತ್ರ. ಪರದೆಗೆ ತನ್ನದೇ ಆದ ಬೆಳಕೂ ಇಲ್ಲ. ಹೊರಗಿನ ಬೆಳಕೇ ಒಳಹೊಕ್ಕು ಪ್ರತಿಫಲಿಸಿ ಹೊರಬರಬೇಕು. ಅದೇ ವರ್ಷ ಅಟಾರಿ ಸಂಸ್ಥೆಯ ಲಿಂಕ್ಸ್, ಮರುವರ್ಷ ಸೆಗಾ ಸಂಸ್ಥೆಯ ಗೇಮ್ ಗೇರ್ ಬಂದುವು. ಇವೆರಡರಲ್ಲಿಯೂ ಬಣ್ಣವಿತ್ತು, ಬ್ಯಾಕ್‌ಲೈಟ್ ಎಂದು ಕರೆಯುವ ಹಿಂಬೆಳಕೂ ಇತ್ತು. ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಗೇಮ್ ಬಾಯ್ ಬಡವಾಗಿ ಕಾಣಿಸಿತೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಗೆದ್ದುದು ಗೇಮ್ ಬಾಯ್. ಮುಂದಿನ ಗೇಮ್ ಬಾಯ್ ಕಲರ್ ಸೇರಿ ಅದು ಲೋಕದಲ್ಲೆಲ್ಲ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇದಕ್ಕೆ ಆಟಗಳ ಸಮೃದ್ಧಿ, ಕಡಮೆ ಬೆಲೆ ಮೊದಲಾದ ಹಲವು ಕಾರಣಗಳುಂಟು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹಿಂಬೆಳಕಿಲ್ಲದ ಗೇಮ್ ಬಾಯ್ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಸುಮಾರು 15 ಗಂಟೆ ನಡೆಯುತ್ತಿತ್ತು. ಅದರ ಎದುರಾಳಿಗಳು ಆರು ಸೆಲ್ಲುಗಳನ್ನು ಮೂರರಿಂದ ಐದು ಗಂಟೆಗಳಲ್ಲಿ ಮುಗಿಸಿಬಿಡುತ್ತಿದ್ದುವು. ಸೆಲ್ಲು ಮುಗಿದ ಪರದೆ ಎಷ್ಟು ಸುಂದರವಾಗಿದ್ದರೇನು?

ಗೇಮ್ ಬಾಯ್ ಪರದೆಯ ದೋಷಗಳೂ ಸಣ್ಣವಲ್ಲ. ಚಲಿಸುವ ವಸ್ತುವಿನ ಹಿಂದೆ ಮಸಕು ನೆರಳು ಎಳೆಯುತ್ತಿತ್ತು. ಸಂಜೆಯಾದರೆ ಮಕ್ಕಳು ದೀಪದ ಕೆಳಕ್ಕೆ ಸರಿಯಬೇಕಾಗಿತ್ತು. ಯಂತ್ರದ ಪಕ್ಕದಲ್ಲಿದ್ದ ತಿರುಗುಣಿಯನ್ನು ತಿರುಗಿಸಿ ನಸುಕನ್ನು ಹೊಂದಿಸಿಕೊಳ್ಳಬೇಕಾಗಿತ್ತು. ಆದರೆ ಅಕ್ಷರದ ವಿಷಯದಲ್ಲಿ ಅದು ನಮ್ಮನ್ನು ಬೆರಗುಗೊಳಿಸುತ್ತದೆ. ಅದರ ಪರದೆಯ ಅಗಲ ಸುಮಾರು 47 ಮಿಲಿಮೀಟರ್. ಆದುದರಿಂದ ಒಂದೊಂದು ಪಿಕ್ಸೆಲ್ ಸುಮಾರು 0.29 ಮಿಲಿಮೀಟರ್. ಎಂಟು ಪಿಕ್ಸೆಲ್ ಮನೆಯೊಳಗೆ ಏಳು ಪಿಕ್ಸೆಲ್ ಎತ್ತರಕ್ಕೆ ಬರೆದ ಅಕ್ಷರ 2 ಮಿಲಿಮೀಟರಿಗೆ ತುಸು ಹೆಚ್ಚೇ ಆಗುತ್ತದೆ. ಅದಕ್ಕಿಂತ ಬಹಳ ಸಣ್ಣದಾಗಿ ಬರೆಯಬೇಕೆಂದರೂ ಚುಕ್ಕೆಗಳು ಸಾಲುತ್ತಿರಲಿಲ್ಲ. ಹೀಗೆ ಯಂತ್ರದ ಬಡತನವೇ ಮಗುವಿನ ಕಣ್ಣಿಗೆ ಕಾವಲಾಯಿತು. ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ರಚಿಸಿದ ಟೆಟ್ರಿಸ್ ಗೇಮ್ ಬಾಯ್‌ಗೆ ಬಂದಾಗ, ಬಣ್ಣವಿಲ್ಲದುದರಿಂದ ತುಂಡುಗಳನ್ನು ಆಕಾರದಿಂದಲೂ ಒಳಗಿನ ವಿನ್ಯಾಸದಿಂದಲೂ ಬೇರ್ಪಡಿಸಿ ತೋರಿಸಬೇಕಾಯಿತು. ಕೆಂಪು ಹಸುರುಗಳ ಭೇದ ಕಾಣದ ಮಗುವೂ ಅದನ್ನು ಇತರರಂತೆಯೇ ಆಡಬಹುದಾಗಿತ್ತು.

3. 2001ರ ತಪ್ಪು ಮತ್ತು ಅದರ ತಿದ್ದುಪಡಿ

1996ರ ಗೇಮ್ ಬಾಯ್ ಪಾಕೆಟ್‌ನಲ್ಲಿ ಹಸುರು ಛಾಯೆ ಹೋಗಿ ಕಪ್ಪು ಬಿಳುಪು ಸ್ಪಷ್ಟವಾಯಿತು. 1998ರಲ್ಲಿ ಗೇಮ್ ಬಾಯ್ ಕಲರ್ ಬಣ್ಣವನ್ನು ತಂದಿತು. ಅದೇ ವರ್ಷ ಜಪಾನಿನಲ್ಲಿ ಮಾತ್ರ ಮಾರಿದ ಗೇಮ್ ಬಾಯ್ ಲೈಟ್‌ನಲ್ಲಿ ಹಿಂಬೆಳಕೂ ಇತ್ತು. ಹೀಗಿರಲು 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಮೇಲೆ ಎಲ್ಲರಿಗೂ ಹೆಚ್ಚಿನ ನಿರೀಕ್ಷೆಯಿದ್ದುದು ಸಹಜ. ಪರದೆ 2.9 ಅಂಗುಲಕ್ಕೆ ಬೆಳೆಯಿತು; ಪಿಕ್ಸೆಲ್‌ಗಳು ಅಡ್ಡಕ್ಕೆ 240, ಉದ್ದಕ್ಕೆ 160 ಆದುವು; ಸಾವಿರಾರು ಬಣ್ಣಗಳು ಬಂದುವು. ಆದರೆ ಬೆಳಕು ಮಾತ್ರ ಬರಲಿಲ್ಲ. ಬಣ್ಣದ ಪರದೆಯಲ್ಲಿ ಬೆಳಕು ಬಣ್ಣದ ಸೋಸುಗಗಳನ್ನು ದಾಟಿ ಒಳಹೋಗಿ, ಮತ್ತೆ ದಾಟಿ ಹೊರಬರಬೇಕು. ದಾರಿಯಲ್ಲಿ ಬಹುಪಾಲು ನಷ್ಟವಾಗುತ್ತದೆ. ಕಪ್ಪು ಬಿಳುಪಿನ ಪರದೆಗೆ ಸಾಕಾಗುತ್ತಿದ್ದ ಕೋಣೆಯ ದೀಪ ಇದಕ್ಕೆ ಸಾಲದೆ ಹೋಯಿತು. ಯಂತ್ರದೊಡನೆಯೇ ಮಾರಾಟಕ್ಕೆ ಬಂದ ಕ್ಯಾಸಲ್‌ವೇನಿಯಾ ಸರಣಿಯ ಆಟವು ಕತ್ತಲೆಯ ಕೋಟೆಯೊಳಗೆ ನಡೆಯುವಂಥದು. ಮನೆಯ ದೀಪದಲ್ಲಿ ಅದರ ಪರದೆ ಕಾಣುವುದೇ ಕಷ್ಟವೆಂಬ ದೂರು ವ್ಯಾಪಕವಾಗಿ ಕೇಳಿಬಂದಿತು. ಯಂತ್ರವನ್ನು ಬಿಚ್ಚಿ ಒಳಗೆ ದೀಪವನ್ನು ಕೂರಿಸುವ ಉಪಕರಣಗಳನ್ನು ಬೇರೆಯವರು ಮಾರುವಷ್ಟರಮಟ್ಟಿಗೆ ಈ ಕೊರತೆ ಪ್ರಸಿದ್ಧವಾಯಿತು.

ತಿದ್ದುಪಡಿ ಬರಲು ಎರಡು ವರ್ಷ ಹಿಡಿಯಿತು. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಮಡಿಸಬಹುದಾದ ರೂಪದಲ್ಲಿ, ರೀಚಾರ್ಜ್ ಮಾಡಬಹುದಾದ ಬ್ಯಾಟರಿಯೊಡನೆ, ಪರದೆಯ ಅಂಚಿನಿಂದ ಹರಿದುಬರುವ ಮುಂಬೆಳಕಿನೊಡನೆ ಬಂದಿತು. 2005ರಲ್ಲಿ ಅದೇ ಹೆಸರಿನಲ್ಲಿ ನಿಜವಾದ ಹಿಂಬೆಳಕಿನ ಮಾದರಿಯೂ ಬಂದಿತು. ಹಳೆಯ ಯಂತ್ರವನ್ನು ಕೊಳ್ಳುವವರು ಈ ಭೇದವನ್ನು ಗಮನಿಸಬೇಕು: ಎರಡೂ ಹೊರನೋಟಕ್ಕೆ ಒಂದೇ, ಹಿಂದಿನ ಚೀಟಿಯಲ್ಲಿ ಎಜಿಎಸ್-001 ಎಂದಿದ್ದರೆ ಮುಂಬೆಳಕು, ಎಜಿಎಸ್-101 ಎಂದಿದ್ದರೆ ಹಿಂಬೆಳಕು.

ಇದೇ 2005ರಲ್ಲಿ ವಿರುದ್ಧ ದಿಕ್ಕಿನ ಪ್ರಯೋಗವೂ ನಡೆಯಿತು. ಗೇಮ್ ಬಾಯ್ ಮೈಕ್ರೊ ಎಂಬ ಪುಟ್ಟ ಯಂತ್ರದಲ್ಲಿ ಅದೇ 240 ಮತ್ತು 160 ಪಿಕ್ಸೆಲ್‌ಗಳನ್ನು 2 ಅಂಗುಲದ ಪರದೆಗೆ ಇಳಿಸಲಾಯಿತು. ಪರದೆ ಬೆಳಗುತ್ತಿತ್ತು, ಚಿತ್ರ ಹರಿತವಾಗಿತ್ತು. ಆದರೆ ಏಳು ಪಿಕ್ಸೆಲ್ ಅಕ್ಷರದ ಎತ್ತರ 1.8 ಮಿಲಿಮೀಟರಿನಿಂದ 1.2ಕ್ಕೆ ಇಳಿಯಿತು. ಬೆಳಕಿನ ತಪ್ಪನ್ನು ತಿದ್ದುತ್ತ ಗಾತ್ರದಲ್ಲಿ ಕಳೆದುಕೊಂಡುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

4. ಪಕ್ಕದಲ್ಲಿ ಕುಳಿತವನ ನೋಟ

ಮೂರನೆಯ ಅಳತೆಯನ್ನು ಅರಿಯಲು ಮಕ್ಕಳಿರುವ ಯಾವ ಮನೆಯನ್ನಾದರೂ ನೋಡಬಹುದು. ಕನ್ಸೋಲು ಅಣ್ಣನ ಕೈಯಲ್ಲಿರುತ್ತದೆ. ತಂಗಿ ಅವನ ಭುಜದ ಮೇಲಿಂದ ಇಣುಕುತ್ತಿರುತ್ತಾಳೆ. ಹಳೆಯ ಎಲ್‌ಸಿಡಿ ಪರದೆಯನ್ನು ಓರೆಯಾಗಿ ನೋಡಿದರೆ ಬಣ್ಣ ಕೆಡುತ್ತಿತ್ತು. ಕೆಲವು ಕೋನಗಳಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ತೋರುತ್ತಿತ್ತು. ಎದುರಿಗೆ ಕುಳಿತವನಿಗೆ ಕಂಡುದು ಪಕ್ಕದವಳಿಗೆ ಕಾಣುತ್ತಿರಲಿಲ್ಲ.

ಇದರ ಕಾರಣ ದ್ರವಸ್ಫಟಿಕದ ಸ್ವಭಾವದಲ್ಲಿಯೇ ಇದೆ. ದ್ರವದಂತೆ ಹರಿಯುತ್ತಲೂ ಹರಳಿನಂತೆ ಕ್ರಮವಾಗಿ ನಿಲ್ಲುತ್ತಲೂ ಇರುವ ಇಂಥ ವಸ್ತುವನ್ನು 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಖ್ ರೈನಿಟ್ಸರ್ ಗುರುತಿಸಿದನು. ಪರದೆಗೆ ಉಪಯೋಗವಾಗುವ ರೀತಿಯಲ್ಲಿ ಅದರ ಕಡ್ಡಿಯಂಥ ಅಣುಗಳನ್ನು ಎರಡು ಗಾಜುಗಳ ನಡುವೆ ತಿರುಚಿ ನಿಲ್ಲಿಸುವ ಕ್ರಮವನ್ನು 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶಾಟ್ ಮತ್ತು ಹೆಲ್ಫ್ರಿಖ್ ಕಂಡುಹಿಡಿದರು. ವಿದ್ಯುತ್ತು ಹಾಯಿಸಿದಾಗ ಅಣುಗಳು ಎದ್ದುನಿಂತು ಬೆಳಕನ್ನು ತಡೆಯುತ್ತವೆ. ಆದರೆ ಓರೆಯಾಗಿ ಬರುವ ಬೆಳಕಿಗೆ ಆ ಅಣುಗಳು ಬೇರೆ ವಾಲಿಕೆಯಲ್ಲಿ ಎದುರಾಗುವುದರಿಂದ ಲೆಕ್ಕ ತಪ್ಪುತ್ತದೆ.

ಈ ದೋಷದ ಪರಿಹಾರಗಳಲ್ಲಿ ಒಂದಕ್ಕೆ ನಮ್ಮ ನಾಡಿನ ಸಂಬಂಧವುಂಟೆಂಬುದು ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದ ಎಸ್. ಚಂದ್ರಶೇಖರ್ ಅವರು ದ್ರವಸ್ಫಟಿಕಗಳ ಅಭ್ಯಾಸವನ್ನು ಇಲ್ಲಿ ಬೇರೂರಿಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ತೆರಳಿದ ಮೇಲೆ, 1977ರಲ್ಲಿ, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಕಡ್ಡಿಯಂತಲ್ಲದೆ ಬಿಲ್ಲೆಯಂಥ ಅಣುಗಳಿಂದಲೂ ದ್ರವಸ್ಫಟಿಕವಾಗಬಹುದೆಂಬುದನ್ನು ತೋರಿಸಿಕೊಟ್ಟರು. ಆಗ ಅದು ಶುದ್ಧವಿಜ್ಞಾನದ ಸಂಗತಿಯಾಗಿತ್ತು. ಮುಂದೆ ಜಪಾನಿನ ಫ್ಯೂಜಿ ಸಂಸ್ಥೆಯವರು ಇಂಥ ಬಿಲ್ಲೆಯಣುಗಳ ತೆಳುಹಾಳೆಯನ್ನು ಎಲ್‌ಸಿಡಿ ಪರದೆಗೆ ಹೊದಿಸಿ, ಓರೆನೋಟದಲ್ಲಿ ತಪ್ಪುವ ಲೆಕ್ಕವನ್ನು ಸರಿದೂಗಿಸುವ ಉಪಾಯವನ್ನು ಬಳಕೆಗೆ ತಂದರು. ಅಣುಗಳನ್ನು ಗಾಜಿಗೆ ಸಮಾನಾಂತರವಾಗಿ ತಿರುಗಿಸುವ ಐಪಿಎಸ್ ಕ್ರಮವೂ, ಚುಕ್ಕೆ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಕ್ರಮವೂ ಬೇರೆ ದಾರಿಗಳಿಂದ ಇದೇ ತೊಂದರೆಯನ್ನು ನೀಗಿದುವು. ಈಗ ಭುಜದ ಮೇಲಿಂದ ಇಣುಕುವ ತಂಗಿಗೂ ಚಿತ್ರ ಕಾಣುತ್ತದೆ.

5. ಅದೇ ಆಟ, ದೊಡ್ಡ ಅಕ್ಷರ

2004ರಲ್ಲಿ ಎರಡು ಪರದೆಗಳ ನಿಂಟೆಂಡೊ ಡಿಎಸ್ ಬಂದಿತು. 2006ರ ಡಿಎಸ್ ಲೈಟ್‌ನಲ್ಲಿ ಬೆಳಕನ್ನು ನಾಲ್ಕು ಹಂತಗಳಲ್ಲಿ ಹೊಂದಿಸಿಕೊಳ್ಳಬಹುದಾಗಿತ್ತು. ಈ ವಂಶದಲ್ಲಿ ನಮಗೆ ಮುಖ್ಯವಾದುದು 2009ರ ಕೊನೆಯಲ್ಲಿ ಜಪಾನಿನಲ್ಲಿ ಹೊರಬಂದು, ಇತರೆಡೆ ಡಿಎಸ್‌ಐ ಎಕ್ಸ್‌ಎಲ್ ಎಂಬ ಹೆಸರು ಪಡೆದ ಮಾದರಿ. ಅದರಲ್ಲಿ ಹೊಸ ಪಿಕ್ಸೆಲ್ ಒಂದೂ ಇರಲಿಲ್ಲ. ಹಿಂದಿನ ಡಿಎಸ್‌ಐನ 3.25 ಅಂಗುಲದ ಪರದೆಯಲ್ಲಿದ್ದ 256 ಮತ್ತು 192 ಪಿಕ್ಸೆಲ್‌ಗಳನ್ನೇ 4.2 ಅಂಗುಲಕ್ಕೆ ಹಿಗ್ಗಿಸಲಾಗಿತ್ತು. ಚಿತ್ರದ ಅಂಚು ತುಸು ಒರಟಾಯಿತು. ಆದರೆ ಏಳು ಪಿಕ್ಸೆಲ್ ಅಕ್ಷರ 1.8 ಮಿಲಿಮೀಟರಿನಿಂದ 2.3ಕ್ಕೆ ಬೆಳೆಯಿತು. ಪಿಕ್ಸೆಲ್ ಸಂಖ್ಯೆಯನ್ನೇ ಗುಣವೆಂದು ಎಣಿಸುವವರಿಗೆ ಇದು ಹಿನ್ನಡೆ. ಓದುವ ಮಗುವಿಗೆ ಮುನ್ನಡೆ. ಈ ಒಂದು ಉದಾಹರಣೆಯಿಂದ ನಮ್ಮ ವಾದದ ಸಾರವೆಲ್ಲ ತಿಳಿಯುತ್ತದೆ.

2011ರ 3ಡಿಎಸ್ ಕನ್ನಡಕವಿಲ್ಲದೆ ಆಳವನ್ನು ತೋರಿಸುವ ಪರದೆಯನ್ನು ತಂದಿತು. ಎರಡು ಕಣ್ಣುಗಳಿಗೆ ಬೇರೆ ಬೇರೆ ಚಿತ್ರವನ್ನು ಕಳುಹಿಸುವ ಈ ಉಪಾಯವನ್ನು ಆರು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳಿಗೆ ಬಳಸಕೂಡದೆಂದು ತಯಾರಕರೇ ಎಚ್ಚರಿಸಿ, ಅದನ್ನು ತಂದೆತಾಯಿಗಳು ತಡೆಹಿಡಿಯುವ ವ್ಯವಸ್ಥೆಯನ್ನೂ ಮಾಡಿದ್ದರು. 2013ರಲ್ಲಿ ಅದೇ ಆಟಗಳನ್ನು ಆಡಿಸುವ, ಆದರೆ ಆಳದ ಚಿತ್ರವಿಲ್ಲದ, ಮಡಿಕೆಯೂ ಇಲ್ಲದ ಗಟ್ಟಿಮುಟ್ಟಾದ 2ಡಿಎಸ್ ಬಂದಿತು. ಹೊಸತನವೊಂದನ್ನು ತೆಗೆದುಹಾಕಿ ಮಕ್ಕಳಿಗೆ ಯೋಗ್ಯವಾದುದನ್ನು ಮಾಡಿದ ಅಪರೂಪದ ಪ್ರಸಂಗವಿದು.

6. ಟೆಲಿವಿಷನ್ನಿನ ಅಕ್ಷರ ಕೈಗೆ ಬಂದುದು

2017ರ ಮಾರ್ಚಿಯಲ್ಲಿ ನಿಂಟೆಂಡೊ ಸ್ವಿಚ್ ಬಂದಾಗ ಪರಿಸ್ಥಿತಿ ಮೂಲತಃ ಬದಲಾಯಿತು. ಅದುವರೆಗೆ ಕೈಯ ಯಂತ್ರದ ಆಟಗಳನ್ನು ಬಹುಮಟ್ಟಿಗೆ ಕೈಯ ಪರದೆಗಾಗಿಯೇ ರಚಿಸುತ್ತಿದ್ದರು. ಸ್ವಿಚ್ ಅನ್ನು ಕೈಯಲ್ಲಿಯೂ ಹಿಡಿಯಬಹುದು, ಟೆಲಿವಿಷನ್ನಿಗೂ ಜೋಡಿಸಬಹುದು. ಒಂದೇ ಆಟ ಎರಡು ಕಡೆಯೂ ನಡೆಯಬೇಕು. ಬೇರೆ ಯಂತ್ರಗಳಿಗಾಗಿ ರಚಿತವಾದ ಆಟಗಳೂ ಇದಕ್ಕೆ ಬರತೊಡಗಿದುವು. ರಚಿಸುವವನು ಮೇಜಿನ ಮೇಲಿನ ದೊಡ್ಡ ಪರದೆಯ ಮುಂದೆ ಕುಳಿತು ಅಕ್ಷರದ ಗಾತ್ರವನ್ನು ಗೊತ್ತುಮಾಡುತ್ತಾನೆ; ಮಗು ಅದನ್ನು ಅಂಗೈಯಲ್ಲಿ ಓದುತ್ತದೆ.

ಲೆಕ್ಕವನ್ನು ನೋಡೋಣ. ಗೇಮ್ ಬಾಯ್‌ನಲ್ಲಿ ಅಕ್ಷರದ ಎತ್ತರ ಪರದೆಯ ಎತ್ತರದ ಸುಮಾರು ಇಪ್ಪತ್ತನೆಯ ಒಂದು ಭಾಗ. 720 ಗೆರೆಗಳ ಪರದೆಯಲ್ಲಿ 16 ಗೆರೆ ಎತ್ತರದ ಅಕ್ಷರವನ್ನು ಬರೆದರೆ ಅದು ನಲವತ್ತೈದನೆಯ ಒಂದು ಭಾಗ ಮಾತ್ರ. ಅಂಥ ಅಕ್ಷರವು 2017ರ 6.2 ಅಂಗುಲದ ಪರದೆಯಲ್ಲಿ 1.7 ಮಿಲಿಮೀಟರ್, 2019ರ ಸ್ವಿಚ್ ಲೈಟ್‌ನ 5.5 ಅಂಗುಲದಲ್ಲಿ 1.5, 2021ರ ಓಎಲ್‌ಇಡಿ ಮಾದರಿಯ 7 ಅಂಗುಲದಲ್ಲಿ 1.9 ಮಿಲಿಮೀಟರ್ ಆಗುತ್ತದೆ. 2025ರ ಜೂನಿನಲ್ಲಿ ಬಂದ ಸ್ವಿಚ್ 2ರ 7.9 ಅಂಗುಲದ, 1080 ಗೆರೆಗಳ ಪರದೆಯಲ್ಲಿ ಅದೇ ಪ್ರಮಾಣದ ಅಕ್ಷರ 2.2 ಮಿಲಿಮೀಟರ್. ಮೂವತ್ತೆರಡು ವರ್ಷಗಳಲ್ಲಿ ಪರದೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿ ಬೆಳೆದರೂ, 2021ರ 7 ಅಂಗುಲದ ಪರದೆಯ ಇಂಥ ಅಕ್ಷರವು 1989ರ 2.6 ಅಂಗುಲದ ಪರದೆಯ ಅಕ್ಷರಕ್ಕಿಂತ ಸಣ್ಣದಾಗಿಯೇ ಉಳಿಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎಲ್ಲ ಆಟಗಳ ಅಕ್ಷರವೂ ಇಷ್ಟು ಸಣ್ಣದಲ್ಲ. ಆದರೆ ಈಗ ಸಣ್ಣದಾಗಿ ಬರೆಯುವುದು ಸಾಧ್ಯ, ಮೊದಲು ಸಾಧ್ಯವಿರಲಿಲ್ಲ. ಸಾಧ್ಯವಾದುದನ್ನು ಯಾರಾದರೊಬ್ಬರು ಮಾಡಿಯೇ ಮಾಡುತ್ತಾರೆ.

ಅಕ್ಷರ ಸಣ್ಣದೆಂಬ ದೂರು ಸ್ವಿಚ್‌ನ ಕಾಲದಲ್ಲಿ ಆಗಿಂದಾಗ್ಗೆ ಕೇಳಿಬಂದಿದೆ. 2019ರಲ್ಲಿ ಅದರ ವ್ಯವಸ್ಥೆಗೆ ಪರದೆಯ ಯಾವ ಭಾಗವನ್ನಾದರೂ ಹಿಗ್ಗಿಸಿ ನೋಡುವ ಜೂಮ್ ಸೌಕರ್ಯವನ್ನು ಸೇರಿಸಲಾಯಿತು. ಉಪಕಾರವಾದುದು ನಿಜ, ಆದರೆ ಪ್ರತಿ ಮಾತಿಗೂ ಭೂತಗನ್ನಡಿ ಹಿಡಿದು ಓದುವ ಮಗು ಎಷ್ಟು ಹೊತ್ತು ಓದೀತು?

7. ಕನ್ನಡದ ಮಗು

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಈ ಯಂತ್ರಗಳು ಹುಟ್ಟಿದುದು ಜಪಾನಿನಲ್ಲಿ ಮತ್ತು ಅಮೆರಿಕದಲ್ಲಿ. ಎಂಟು ಪಿಕ್ಸೆಲ್ ಮನೆಯಲ್ಲಿ ಇಂಗ್ಲಿಷಿನ ಅಕ್ಷರ ಸುಖವಾಗಿ ಕುಳಿತುಕೊಳ್ಳುತ್ತದೆ. ಜಪಾನೀಯರು ಕೂಡ ತಮ್ಮ ತೊಡಕಾದ ಕಂಜಿ ಅಕ್ಷರಗಳನ್ನು ಬಿಟ್ಟು, ಸರಳವಾದ ಕಾನಾ ಅಕ್ಷರಗಳಲ್ಲಿಯೇ ಗೇಮ್ ಬಾಯ್ ಆಟಗಳ ಮಾತುಗಳನ್ನು ಬಹುಮಟ್ಟಿಗೆ ಬರೆದರು. ಕನ್ನಡಕ್ಕೆ ಅಂಥ ಸರಳರೂಪವಿಲ್ಲ. 'ರಾಷ್ಟ್ರ' ಎಂಬ ಒಂದು ಪದವನ್ನು ತೆಗೆದುಕೊಂಡರೂ ಮೇಲೆ ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒಂದರಡಿ ಇನ್ನೊಂದು ಒತ್ತು. ಎಂಟು ಗೆರೆಗಳಲ್ಲಿ ಈ ಅಂತಸ್ತುಗಳನ್ನೆಲ್ಲ ಅಡಕಿದರೆ ಉಳಿಯುವುದು ಚುಕ್ಕೆಗಳ ಗುಂಪು, ಅಕ್ಷರವಲ್ಲ. ಕನ್ನಡದ ಸಾಲಿಗೆ ಇಂಗ್ಲಿಷಿನ ಸಾಲಿಗಿಂತ ಹೆಚ್ಚು ಎತ್ತರ ಬೇಕೆಂಬುದು ನಮ್ಮ ಅಚ್ಚುಕೂಟದವರಿಗೆ ಹಳೆಯ ಅನುಭವ.

ಇಂದಿನ ಪರದೆಗಳಲ್ಲಿ ಕನ್ನಡವನ್ನು ಬರೆಯಲು ಪಿಕ್ಸೆಲ್‌ಗಳ ಕೊರತೆಯಿಲ್ಲ. ಆದರೂ ಕನ್ನಡದಲ್ಲಿ ಮಾತನಾಡುವ ಆಟಗಳು ವಿರಳ. ಆದುದರಿಂದ ಕನ್ನಡ ಶಾಲೆಯ ಮಗು ಈ ಪರದೆಯ ಮೇಲೆ ತನ್ನ ಎರಡನೆಯ ಲಿಪಿಯನ್ನು, ಎರಡನೆಯ ಭಾಷೆಯನ್ನು ಓದುತ್ತಿರುತ್ತದೆ. ಪರಿಚಿತ ಪದವನ್ನು ಕಣ್ಣು ಬೇಗನೆ ಹಿಡಿಯಬಲ್ಲದು. ಅಪರಿಚಿತ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಬೇಕು. ಇಂಗ್ಲಿಷ್ ಮಾತೃಭಾಷೆಯಾದ ಮಗುವಿಗೆ ಸಾಕಾದ ಗಾತ್ರ ನಮ್ಮ ಮಗುವಿಗೆ ಸಾಲದಿರುವುದಕ್ಕೆ ಇದೇ ಕಾರಣ. ವಿದೇಶದಲ್ಲಿರುವ ಬಂಧುಗಳು ಅಲ್ಲಿಯ ಮಕ್ಕಳನ್ನು ನೋಡಿ ಆರಿಸಿ ಕಳುಹಿಸಿದ ಕನ್ಸೋಲು ಇಲ್ಲಿಯ ಮಗುವಿಗೆ ಒಗ್ಗದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

8. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆಗಳನ್ನು ಸಂಗ್ರಹವಾಗಿ ಹೇಳಬಹುದು.

ಮೊದಲನೆಯದಾಗಿ, ಕನ್ಸೋಲಿಗಿಂತ ಮುಂಚೆ ಕಣ್ಣನ್ನು ಪರೀಕ್ಷಿಸಬೇಕು. ಕಣ್ಣು ಕಿರಿದುಮಾಡಿಕೊಂಡು ನೋಡುವ ಮಗುವಿಗೆ ಬೇಕಾದುದು ಬಹುಶಃ ದೊಡ್ಡ ಪರದೆಯಲ್ಲ, ಕನ್ನಡಕ.

ಎರಡನೆಯದಾಗಿ, ಮಗು ಆಡಲಿರುವ ಆಟವನ್ನೇ ಆ ಪರದೆಯಲ್ಲಿ ನೋಡಬೇಕು. ಅಂಗಡಿಯಲ್ಲಾಗಲಿ, ಸ್ನೇಹಿತರ ಮನೆಯಲ್ಲಾಗಲಿ ಆಟದ ಮೂರು ನಾಲ್ಕು ವಾಕ್ಯಗಳನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಬೇಕು. ಓದುತ್ತಿರುವಾಗ ಮಗು ಯಂತ್ರವನ್ನು ದೊಡ್ಡವರ ಒಂದು ಗೇಣಿಗಿಂತ ಹತ್ತಿರಕ್ಕೆ ತಂದುಕೊಂಡರೆ ಅಕ್ಷರ ಸಣ್ಣದಾಯಿತೆಂದು ತಿಳಿಯಬೇಕು. ಮಕ್ಕಳ ಕಣ್ಣು ಹತ್ತಿರದ ವಸ್ತುವಿಗೆ ಸುಲಭವಾಗಿ ಹೊಂದಿಕೊಳ್ಳುವುದರಿಂದ ಅವರು ದೂರು ಹೇಳದೆ ಹತ್ತಿರ ತಂದುಕೊಂಡುಬಿಡುತ್ತಾರೆ. ಆ ಅಭ್ಯಾಸ ಒಳ್ಳೆಯದಲ್ಲ.

ಮೂರನೆಯದಾಗಿ, ಎರಡು ಬೆಳಕುಗಳಲ್ಲಿ ನೋಡಬೇಕು: ಹಗಲು ಕಿಟಕಿಯ ಬಳಿ, ರಾತ್ರಿ ಮನೆಯ ದೀಪದಲ್ಲಿ. ಹಿಂಬೆಳಕಿನ ಪರದೆ ಬಿಸಿಲಿನಲ್ಲಿ ಮಂಕಾಗುತ್ತದೆ. ಹೊಳೆಯುವ ಗಾಜು ಕಿಟಕಿಯನ್ನೇ ಕನ್ನಡಿಯಂತೆ ತೋರಿಸುತ್ತದೆ. 2022ರ ಪ್ಲೇಡೇಟ್ ಎಂಬ ಪುಟ್ಟ ಯಂತ್ರ ಇದಕ್ಕೆ ವಿರುದ್ಧ: ಅದರ ಕಪ್ಪು ಬಿಳುಪು ಪರದೆ ಬಿಸಿಲಿನಲ್ಲಿ ಅಚ್ಚಿನ ಹಾಳೆಯಂತೆ ಸ್ಪಷ್ಟ; ಕತ್ತಲೆಯಲ್ಲಿ ಕಾಣುವುದೇ ಇಲ್ಲ. ಹಳೆಯ ಯಂತ್ರವನ್ನು ಕೊಳ್ಳುವವರು ಅದರಲ್ಲಿ ಬೆಳಕಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ನಾಲ್ಕನೆಯದಾಗಿ, ಒಂದೇ ಆಟವನ್ನು ಆಡಿಸುವ ಎರಡು ಮಾದರಿಗಳಿದ್ದರೆ, ಹಣ ಅನುಕೂಲವಿದ್ದಲ್ಲಿ ದೊಡ್ಡ ಪರದೆಯದನ್ನೇ ಆರಿಸಬೇಕು. ಪುಟ್ಟ ಕೈಗೆ ಪುಟ್ಟ ಯಂತ್ರವೆಂಬ ವಾದ ಕೇಳಲು ಸೊಗಸು. ಆದರೆ ಕೈ ಪುಟ್ಟದಾದ ಮಗುವಿಗೇ ಅಕ್ಷರ ದೊಡ್ಡದಿರಬೇಕು. ಹಣ ಸಾಲದಿದ್ದರೆ ಅಕ್ಷರ ಕಡಮೆಯಿರುವ ಆಟಗಳನ್ನು ಆರಿಸಬಹುದು. ಟೆಲಿವಿಷನ್ನಿಗೆ ಜೋಡಿಸುವ ಸೌಕರ್ಯವಿದೆಯೇ ಎಂಬುದನ್ನೂ ನೋಡಬೇಕು; ಸ್ವಿಚ್ ಲೈಟ್‌ಗೆ ಆ ಸೌಕರ್ಯವಿಲ್ಲ. ಆಟದ ಒಳಗೆ ಅಕ್ಷರವನ್ನು ಹಿಗ್ಗಿಸುವ, ಬಣ್ಣಗಳನ್ನು ಬದಲಾಯಿಸುವ ಏರ್ಪಾಡಿದ್ದರೆ ಅದು ಹೆಚ್ಚಿನ ಗುಣ.

ಕಡೆಯದಾಗಿ, ಎಷ್ಟೇ ಒಳ್ಳೆಯ ಪರದೆಯಾದರೂ ಅದಕ್ಕೊಂದು ಮಿತಿಯಿರಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಅದಕ್ಕಿಂತ ದೊಡ್ಡ ಮಕ್ಕಳ ಕಣ್ಣಿಗೂ ಬಯಲಿನ ಬೆಳಕು, ದೂರದ ನೋಟ ಅಗತ್ಯ.

ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ನಾಲ್ಕು ದಶಕಗಳ ಕಥೆ ಏಕಮುಖವಾದ ಮುನ್ನಡೆಯಲ್ಲ. ಬೆಳಕು ಬಂದಿತು, ಬಣ್ಣ ಬಂದಿತು, ಓರೆನೋಟದ ದೋಷ ಹೋಯಿತು. ಅಷ್ಟರಲ್ಲಿ ಅಕ್ಷರ ಮೆಲ್ಲಗೆ ಕುಗ್ಗಿತು. ಒಂದೊಂದು ಹಂತದಲ್ಲಿಯೂ ಹೊಸ ಯಂತ್ರವನ್ನು ಅಂಗಡಿಯ ಗಾಜಿನೊಳಗೆ ಹೊಳೆಯುವಂತೆ ಮಾಡುವ ಗುಣಗಳಿಗೂ, ಮನೆಯ ಮೂಲೆಯಲ್ಲಿ ಕುಳಿತ ಮಗುವಿಗೆ ಬೇಕಾದ ಗುಣಗಳಿಗೂ ಹೊಂದಿಕೆ ತಪ್ಪಿದುದುಂಟು. ತಯಾರಕರ ಕಡತಗಳಲ್ಲಿ ಮೊದಲನೆಯ ಗುಣಗಳ ದಾಖಲೆ ಸಿಗುತ್ತದೆ; ಎರಡನೆಯವುಗಳ ದಾಖಲೆ ಮಗುವಿನ ನಡವಳಿಕೆಯಲ್ಲಿ ಮಾತ್ರ. ಓದದೆ ಗುಂಡಿಯೊತ್ತಿದ ಆ ಬಾಲಕನು ನಮಗೆ ಅಂಥ ದಾಖಲೆಯನ್ನೇ ಕೊಟ್ಟಿದ್ದನು. ಅದನ್ನು ಓದಲು ನಮಗೆ ಕೆಲವು ತಿಂಗಳು ಹಿಡಿಯಿತು. ತರಗತಿಯಲ್ಲಿ 'ಓದಲು ಬೇಸರ' ಎಂಬ ಹೆಸರು ಹೊತ್ತ ಮಕ್ಕಳನ್ನು ಕಾಣುವ ಅಧ್ಯಾಪಕರು, ಮುಂದೆ ಅಧ್ಯಾಪಕರಾಗಲಿರುವ ವಿದ್ಯಾರ್ಥಿಗಳು, ಆ ಹೆಸರನ್ನು ಒಪ್ಪುವ ಮುನ್ನ ಮಗುವಿನ ಮುಂದಿರುವ ಅಕ್ಷರವನ್ನು ಒಮ್ಮೆ ಅಳೆದು ನೋಡಬೇಕೆಂದು ಬೇಡಿ ಈ ಲೇಖನವನ್ನು ಮುಗಿಸುತ್ತೇವೆ.